ತಂದೆಯ ಕಾಲಂ ತಾನೇ ತುಂಬಿಕೊಂಡದ್ದು

ಜನನ ನೋಂದಣಿ ಕಚೇರಿಯ ಆ ಗುಮಾಸ್ತನಿಗೆ ಅಪ್ಪ ಅಮ್ಮ ಒಂದು ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಆದರೆ ಪೆನ್ನಿನ ಪಕ್ಕ ಪೆನ್ಸಿಲು, ಪೆನ್ಸಿಲಿನ ಪಕ್ಕ ರಬ್ಬರು, ಮೂರರ ನಡುವೆಯೂ ಒಂದೇ ಅಂತರ ಎಂದು ಅಳತೆಪಟ್ಟಿ ಹಿಡಿದು ಜೋಡಿಸುವ ಮನುಷ್ಯನ ಮೇಲೆ ಆ ಹೆಸರು ಹೆಚ್ಚು ದಿನ ನಿಲ್ಲಲಿಲ್ಲ. ಕಚೇರಿಯಲ್ಲಿ, ಬೀದಿಯಲ್ಲಿ, ಕೊನೆಗೆ ಸ್ವಂತ ಅತ್ತೆಯ ಬಾಯಲ್ಲೂ ಅವನು ಅಚ್ಚುಕಟ್ಟಯ್ಯನಾದ.

ಇಂಥವನನ್ನು ಮೇಲಿನವರು ಒಂದು ದಿನದ ಕಂಪ್ಯೂಟರ್ ತರಬೇತಿಗೆ ಕಳಿಸಿದ್ದೇ ತಪ್ಪು. ಬೇರೆ ಗುಮಾಸ್ತರೆಲ್ಲ ಬಿಸ್ಕತ್ತು ತಿಂದು, ಹಿಂದಿನ ಸಾಲಿನಲ್ಲಿ ಸುಖವಾಗಿ ನಿದ್ದೆ ಮಾಡಿ ಮನೆಗೆ ಹೋದರು. ಅಚ್ಚುಕಟ್ಟಯ್ಯ ಮಾತ್ರ ಮುಂದಿನ ಸಾಲಿನಲ್ಲಿ ಕೂತು ಮೇಷ್ಟರ ಒಂದು ಮಾತನ್ನು ಎದೆಗಿಳಿಸಿಕೊಂಡ. "ಬ್ರೌಸರು, ಇಮೇಲು ಅಂದ್ರೆ ನಿಮ್ಮ ಮನೆ ಇದ್ದ ಹಾಗೆ. ನಿಮಗೆ ಹೇಗೆ ಬೇಕೋ ಹಾಗೆ ಜೋಡಿಸ್ಕೊಳ್ಳಿ. ಸೆಟ್ಟಿಂಗ್ಸ್ ಗೊತ್ತಿಲ್ದೋರು ಬಾಡಿಗೆ ಮನೇಲಿದ್ದ ಹಾಗೆ," ಎಂದಿದ್ದರು ಮೇಷ್ಟರು. ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದ ಅಚ್ಚುಕಟ್ಟಯ್ಯನಿಗೆ ಆ ಮಾತು ಚೆನ್ನಾಗಿ ನಾಟಿತು.

ಮರುದಿನವೇ ಗೃಹಪ್ರವೇಶ ಶುರುವಾಯಿತು. ಮೊದಲು ಕಣ್ಣಿಗೆ ಹಿತವಾಗಲೆಂದು ಅಕ್ಷರ ದೊಡ್ಡದು ಮಾಡಿದ. ಹಿತ ಸಾಲದೆ ಇನ್ನೂ ದೊಡ್ಡದು ಮಾಡಿದ. ಕೊನೆಗೆ ಪರದೆಯ ಮೇಲೆ ಒಂದು ಸಲಕ್ಕೆ ಒಂದೇ ಕಾಲಂ ಕಾಣುವಷ್ಟಾಯಿತು. ಎದುರು ಬೀದಿಯ ಬಸ್ ನಿಲ್ದಾಣದಲ್ಲಿ ನಿಂತವರೂ ಕೂಸಿನ ಹೆಸರು ಓದಿ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನಬಹುದಿತ್ತು. ಪಕ್ಕದ ಕೌಂಟರಿನಲ್ಲಿ ನಾಯಿಗಳಿಗೆ ಲೈಸೆನ್ಸ್ ಕೊಡುವ ಅಕ್ಕ ಕನ್ನಡಕ ಮೇಲೆತ್ತಿ ನೋಡಿದಳು.

"ಇದೇನಯ್ಯಾ, ಕಂಪ್ಯೂಟರಿಗೆ ಬಾವು ಬಂದಿದ್ಯಾ?"

"ಇದಕ್ಕೆ ಕಸ್ಟಮೈಸ್ ಅಂತಾರೆ ಅಕ್ಕಾ. ನಿಮಗೆ ಅರ್ಥ ಆಗಲ್ಲ."

ಆಮೇಲೆ ಇಮೇಲಿನ ಸರದಿ. ಯಾರೇ ಪತ್ರ ಬರೆದರೂ ನಾವು ನೋಡುವ ಮೊದಲೇ ತಾನಾಗಿ ಉತ್ತರ ಹೋಗುವ ಏರ್ಪಾಡು ಒಂದಿತ್ತು. ಉತ್ತರದಲ್ಲಿ ಆತ್ಮೀಯತೆ ಇರಬೇಕು, ಜವಾಬ್ದಾರಿ ಇರಬೇಕು ಎಂದು ಮೇಷ್ಟರು ಹೇಳಿದ್ದರು. ಅಚ್ಚುಕಟ್ಟಯ್ಯ ಊಟದ ಹೊತ್ತಿನಲ್ಲಿ ಊಟ ಬಿಟ್ಟು, ಬರೆದು, ಹೊಡೆದು ಹಾಕಿ, ಕೊನೆಗೆ ಹೀಗೆ ಬರೆದ: "ಮಾನ್ಯರೇ, ತಮ್ಮ ಪತ್ರ ತಲುಪಿತು. ತಮ್ಮ ಮನೆಯ ಕೆಲಸವನ್ನು ನಾನೇ ಖುದ್ದಾಗಿ, ಬಹಳ ಸಂತೋಷದಿಂದ ಮಾಡಿದ್ದೇನೆ. ಇದರ ಪೂರ್ತಿ ಹೊಣೆ ನನ್ನದು. ಮುಂದೆಯೂ ಇಂಥ ಸೇವೆಗೆ ಅವಕಾಶ ಕೊಡಬೇಕಾಗಿ ಪ್ರಾರ್ಥನೆ." ಓದಿ ಅವನಿಗೇ ಕಣ್ಣು ತುಂಬಿ ಬಂತು.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಆದರೆ ಅಚ್ಚುಕಟ್ಟಯ್ಯನ ಹೆಂಡತಿ ತುಂಬು ಬಸುರಿ. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಬಂದ ಬಸಿರು. ಊರಿನ ಮಕ್ಕಳ ಹೆಸರನ್ನೆಲ್ಲ ಬರೆದು ಬರೆದು ಬೆರಳು ಸವೆಸಿಕೊಂಡವನಿಗೆ ತನ್ನ ಮಗುವಿನ ಅರ್ಜಿ ತಾನೇ ತುಂಬಬೇಕೆಂಬುದು ಒಂದೇ ಒಂದು ಆಸೆ. ಕಾಯಲಾರದೆ ಒಂದು ಮಧ್ಯಾಹ್ನ, ಕೌಂಟರ್ ಖಾಲಿ ಇದ್ದಾಗ, ಸುಮ್ಮನೆ ಕೈ ರೂಢಿಗೆಂದು ಅರ್ಜಿ ತೆರೆದ. ತಂದೆಯ ಹೆಸರು ಎಂಬಲ್ಲಿ ತನ್ನ ಹೆಸರು ಹೊಡೆದ. ತನ್ನ ವಿಳಾಸ, ತನ್ನ ಇಮೇಲು. ದೊಡ್ಡ ಅಕ್ಷರದಲ್ಲಿ ತಂದೆ ಎಂಬ ಮಾತಿನ ಎದುರು ತನ್ನ ಹೆಸರು ಕಂಡು ಪರದೆಯನ್ನು ಒಮ್ಮೆ ಕರವಸ್ತ್ರದಿಂದ ಒರೆಸಿದ.

ಆಗ ಬ್ರೌಸರು ವಿನಯದಿಂದ ಕೇಳಿತು: ಈ ವಿವರಗಳನ್ನು ನೆನಪಿಟ್ಟುಕೊಳ್ಳಲೇ? ಇನ್ನು ಮುಂದೆ ನಾನೇ ತುಂಬಲೇ?

ಕಚೇರಿಯಲ್ಲಿ ಅಷ್ಟು ಮರ್ಯಾದೆಯಿಂದ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಅಚ್ಚುಕಟ್ಟಯ್ಯ ಹೌದು ಎಂದು ಒತ್ತಿದ. ಅರ್ಜಿಯನ್ನು ಅಳಿಸಿ ಮನೆಗೆ ಹೋದ. ಅರ್ಜಿ ಅಳಿಯಿತು, ನೆನಪು ಅಳಿಯಲಿಲ್ಲ.

ಅಂದಿನಿಂದ ಜನನ ಕೌಂಟರಿನ ವೇಗ ನೋಡಿ ಊರೇ ಬೆರಗಾಯಿತು. ತುಂಬಿದ ಕಾಲಮ್ಮುಗಳನ್ನು ಕಂಪ್ಯೂಟರು ತಾನೇ ಹಾರಿಸಿಕೊಂಡು ಹೋಗುತ್ತಿತ್ತು, ಖಾಲಿ ಇದ್ದದ್ದನ್ನು ಮಾತ್ರ ಅಚ್ಚುಕಟ್ಟಯ್ಯನ ಮುಂದೆ ತಂದು ನಿಲ್ಲಿಸುತ್ತಿತ್ತು. ಕೂಸಿನ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಮುಗಿಯಿತು. ಒಂದು ದಿನ ಕ್ಷೌರಿಕನೊಬ್ಬ ಮಗನನ್ನು ಎತ್ತಿಕೊಂಡು ಬಂದು ಅನುಮಾನದಿಂದ ಕೇಳಿದ:

"ಸ್ವಾಮೀ, ತಂದೆ ಹೆಸರು ಕೇಳ್ಲೇ ಇಲ್ವಲ್ಲ?"

"ಅದೆಲ್ಲ ಕಂಪ್ಯೂಟರಿಗೆ ಗೊತ್ತಿರುತ್ತೆ."

"ಅದಕ್ಕೆ ಹೇಗೆ ಗೊತ್ತು?"

"ಸೆಟ್ಟಿಂಗ್ಸ್," ಎಂದ ಅಚ್ಚುಕಟ್ಟಯ್ಯ ಕಣ್ಣು ಮುಚ್ಚಿ. ಕ್ಷೌರಿಕ ಕೈ ಮುಗಿದು ಹೋದ.

ಪ್ರಮಾಣಪತ್ರಗಳು ಬೇರೆ ಕಟ್ಟಡದಲ್ಲಿ ಅಚ್ಚಾಗಿ, ಹೆರಿಗೆಯಾದ ಆಸ್ಪತ್ರೆಗಳ ಮೂಲಕ ಸಾವಕಾಶವಾಗಿ ಮನೆ ಮನೆಗೆ ಹೋಗುವ ಪದ್ಧತಿ. ಅವುಗಳಿಗಿಂತ ಮೊದಲು ಅಚ್ಚುಕಟ್ಟಯ್ಯನ ಮನೆ ಮುಟ್ಟಿದವಳು ಲಸಿಕೆಯ ನರ್ಸಮ್ಮ. ಭಾನುವಾರ ಬೆಳಿಗ್ಗೆ ಮಂಜುಗಡ್ಡೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲು ಬಡಿದಳು. ಬಾಗಿಲು ತೆರೆದವರು ಹೆರಿಗೆಗೆಂದು ಬಂದು ಕೂತಿದ್ದ ಅತ್ತೆ.

"ಮಕ್ಕಳನ್ನ ಒಂದೊಂದಾಗಿ ಕರ್ಕೊಂಡು ಬನ್ನಿ. ಸೂಜಿ ಹಾಕ್ಬೇಕು."

"ಮಕ್ಕಳಾ? ಇನ್ನೂ ಹೆತ್ತೇ ಇಲ್ವಲ್ಲಮ್ಮ."

ನರ್ಸಮ್ಮ ಹಾಳೆ ತೆಗೆದು ಓದತೊಡಗಿದಳು. ಒಂದು ಹಾಳೆ ಮುಗಿದು ಇನ್ನೊಂದಕ್ಕೆ ತಿರುಗಿತು. "ಇಷ್ಟೂ ಈ ಮನೇವೇ. ತಂದೆ ಒಬ್ಬರೇ, ತಾಯಂದಿರು ಬೇರೆ ಬೇರೆ. ನಡುವೆ ಒಂದು ಜೊತೆ ಅವಳಿ ಇದೆ. ಎಲ್ಲಾ ಇತ್ತೀಚೆಗೆ ಹುಟ್ಟಿರೋದು." ಆಮೇಲೆ ಹಾಳೆಯಿಂದ ತಲೆಯೆತ್ತಿ, ಬನಿಯನ್ನಿನಲ್ಲಿ ನಿಂತಿದ್ದ ಅಚ್ಚುಕಟ್ಟಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವ್ರೇನಾ?" ಎಂದಳು. ಅವಳ ದನಿಯಲ್ಲಿ ನಿರಾಸೆ ಇತ್ತು.

ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರು ಕಟಕಟೆಯ ಮೇಲೆ ಅರ್ಧ ದೇಹ ಹೊರಗೆ ಚಾಚಿ, "ಅವಳಿ ಅಂದ್ಲಾ? ಸರಿಯಾಗಿ ಕೇಳಿಸ್ಲಿಲ್ಲ," ಎಂದರು.

"ಇದರಲ್ಲಿ ಏನೋ ತಪ್ಪಾಗಿದೆ," ಎಂದ ಅಚ್ಚುಕಟ್ಟಯ್ಯ.

"ಒಂದು ಸಲ ಆದ್ರೆ ತಪ್ಪು ಅಳಿಯಂದ್ರೇ," ಎಂದರು ಅತ್ತೆ. "ಇದು ಕಸುಬು."

ಅಷ್ಟರಲ್ಲಿ ಬೀದಿಯ ಕೊನೆಯಿಂದ ಕ್ಷೌರಿಕನೂ ಅವನ ಭಾವಮೈದನೂ ಬರುತ್ತಿದ್ದರು. ಕ್ಷೌರಿಕನ ಕೈಯಲ್ಲಿ ಪ್ರಮಾಣಪತ್ರ, ಭಾವಮೈದನ ಕೈಯಲ್ಲಿ ಮೊಬೈಲು. ಭಾವಮೈದ ಬಾಗಿಲಲ್ಲೇ ನಿಂತು ಬೀದಿಗೆಲ್ಲ ಕೇಳುವಂತೆ ಓದಿದ: "'ನನ್ನ ಮಗನಿಗೆ ತಂದೆ ನೀನಂತೆ, ನಿಜವೇ' ಅಂತ ಈ ಪತ್ರದಲ್ಲೇ ಇದ್ದ ವಿಳಾಸಕ್ಕೆ ನಮ್ಮ ಭಾವ ಮರ್ಯಾದೆಯಿಂದ ಇಮೇಲ್ ಬರೆದ್ರು. ಬರೆದು ಕೈ ತೆಗೆಯೋದ್ರೊಳಗೆ ಉತ್ತರ ಬಂತು. ಕೇಳಿ! 'ತಮ್ಮ ಮನೆಯ ಕೆಲಸವನ್ನು ನಾನೇ ಖುದ್ದಾಗಿ, ಬಹಳ ಸಂತೋಷದಿಂದ...'"

"ಸಂತೋಷದಿಂದ ಅಂತೆ!" ಎಂದ ಕ್ಷೌರಿಕ. ಅವನು ಪ್ರಮಾಣಪತ್ರವನ್ನು ಗಾಳಿಯಲ್ಲಿ ಬೀಸಿದ. "ಮುಂದೆಯೂ ಅವಕಾಶ ಕೊಡಬೇಕಂತೆ!"

"ಅದು ನಾನು ಬರೆದದ್ದಲ್ಲ. ಅಂದ್ರೆ ನಾನೇ ಬರೆದದ್ದು, ಆದ್ರೆ ನಿಮಗಲ್ಲ. ಯಾರು ಬರೆದ್ರೂ ಅದೇ ಹೋಗುತ್ತೆ!"

"ಎಲ್ಲರಿಗೂ ಅದೇನಾ!" ಎಂದು ಭಾವಮೈದ ಇನ್ನೂ ಕೆರಳಿದ.

ಅತ್ತೆ ಒಳಗೆ ಹೋಗಿ ತಮ್ಮ ಮೊಬೈಲು ತಂದರು. "ಸತ್ಯ ಏನೂಂತ ನಾನೇ ನೋಡ್ತೀನಿ," ಎಂದು ಅಳಿಯನ ಇಮೇಲಿಗೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು: ಅಳಿಯಂದ್ರೇ, ನನ್ನ ಮಗಳ ಬಾಳು ಹಾಳು ಮಾಡಿದಿರಾ? ಮೊಬೈಲು ಟಿಣ್ ಎಂದಿತು. ತಮ್ಮ ಮನೆಯ ಕೆಲಸವನ್ನು ನಾನೇ ಖುದ್ದಾಗಿ, ಬಹಳ ಸಂತೋಷದಿಂದ ಮಾಡಿದ್ದೇನೆ ಎಂದು ಅಳಿಯ ತಕ್ಷಣ ಒಪ್ಪಿಕೊಂಡಿದ್ದ.

ಹೆಂಡತಿ ಮಾತ್ರ ಅಳಲಿಲ್ಲ, ಕೂಗಲಿಲ್ಲ. ಗೋಡೆ ಹಿಡಿದು ಬಂದು ಕುರ್ಚಿಯ ಮೇಲೆ ಕೂತಳು. ತನ್ನ ಗಂಡನಿಗೆ ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. "ಇವ್ರು ಅಂಥೋರಲ್ಲ. ಇವ್ರು ಪೆದ್ದರು," ಎಂದಳು. "ನೋಡೀ, ನಾನು ಒಂದೇ ಮಾತು ಹೇಳೋದು. ನನ್ನ ಮಗು ಹುಟ್ಟೋ ಹೊತ್ತಿಗೆ ಆ ಮಕ್ಕಳಿಗೆಲ್ಲ ಅವರವರ ಅಪ್ಪ ಸಿಕ್ಕಿರಬೇಕು. ಅಲ್ಲೀವರೆಗೂ ನೀವು ಜಗಲಿ ಮೇಲೆ ಮಲ್ಕೊಳ್ಳಿ."

ಸೋಮವಾರ ಅಚ್ಚುಕಟ್ಟಯ್ಯ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತ. ನಾಯಿ ಲೈಸೆನ್ಸ್ ಅಕ್ಕ ಬಂದವಳೇ ಪರದೆಯ ಅಕ್ಷರ ಚಿಕ್ಕದು ಮಾಡಿದಳು. ಇಡೀ ಅರ್ಜಿ ಒಟ್ಟಿಗೆ ಕಂಡಿತು. ತಂದೆಯ ಕಾಲಮ್ಮಿನಲ್ಲಿ ಅಚ್ಚುಕಟ್ಟಯ್ಯ ಆಗಲೇ ಬಂದು ಕೂತಿದ್ದ, ಮುಂದಿನ ಕೂಸಿಗಾಗಿ ಕಾಯುತ್ತ. ಅಕ್ಕ ನಕ್ಕು ನಕ್ಕು ಮೇಜಿನ ಮೇಲೆ ತಲೆಯಿಟ್ಟಳು. ಆಮೇಲೆ ಸಮಾಧಾನ ಹೇಳಿದಳು: "ಪುಣ್ಯಕ್ಕೆ ನನ್ನ ನಾಯಿಗಳು ಬೇರೆ ಕಂಪ್ಯೂಟರಿನಲ್ಲಿದ್ವು."

ಒಳಗೆ ಗಾಜಿನ ಕೋಣೆಯಲ್ಲಿ ನೋಂದಣಿ ಸಾಹೇಬರು. ದಾಖಲೆ ತಪ್ಪು ಎಂಬ ಮಾತನ್ನು ಅವರು ಸೇವೆಗೆ ಸೇರಿದಂದಿನಿಂದ ಬಾಯಲ್ಲಿ ಆಡಿದವರಲ್ಲ. ಒಮ್ಮೆ ಅವರದೇ ಕಡತದಲ್ಲಿ ಹುಟ್ಟಿದ ತಿಂಗಳು ತಪ್ಪಾಗಿ ಬಿದ್ದಾಗ, ಆ ವರ್ಷದಿಂದ ಅದೇ ತಿಂಗಳಲ್ಲಿ ಹುಟ್ಟುಹಬ್ಬ ಆಚರಿಸಿಕೊಂಡವರು. ಅಚ್ಚುಕಟ್ಟಯ್ಯ ನಡೆದದ್ದೆಲ್ಲ ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹಾಗಾದ್ರೆ ಈ ಮಕ್ಕಳನ್ನ ಕೈಬಿಡ್ತೀನಿ ಅಂತೀರಾ?"

"ನನ್ನವಲ್ಲ ಸಾರ್!"

"ದಾಖಲೆ ಪ್ರಕಾರ ನಿಮ್ಮವು. ಹಾಲಿ ತಂದೆ ನೀವು. ತಂದೆ ಬದಲಾಗ್ಬೇಕು ಅಂದ್ರೆ ಹಾಲಿ ತಂದೆ, ಮುಂದಿನ ತಂದೆ ಇಬ್ಬರೂ ಒಟ್ಟಿಗೆ ಬಂದು ರುಜು ಹಾಕ್ಬೇಕು. ಇಷ್ಟಾದ್ರೂ ನಿಮಗೆ ಗೊತ್ತಿರಬೇಕಿತ್ತು."

"ಗೊತ್ತು ಸಾರ್. ಈಗಲೇ ಕೌಂಟರಲ್ಲಿ ಕೂತು ಮಾಡಿ ಬಿಡ್ತೀನಿ."

"ಸ್ವಂತ ಮಕ್ಕಳ ಕಡತ ನೀವೇ ನೋಡೋ ಹಾಗಿಲ್ಲ. ಹೊರಗೆ ಹೋಗಿ ಸಾಲಿನಲ್ಲಿ ನಿಂತ್ಕೊಳ್ಳಿ." ಸಾಹೇಬರು ಇನ್ನೊಂದು ಕಾಗದ ಎತ್ತಿಕೊಂಡರು. "ಆಮೇಲೆ ಇದು ಮೇಲಿನ ಕಚೇರಿಯಿಂದ ಬಂದಿದೆ. ಅಲ್ಲಿನ ಕಂಪ್ಯೂಟರು ನಿಮ್ಮ ಹೆಸರಿಗೆ ಬೀಗ ಹಾಕಿದೆ. ಸಂದೇಹಾಸ್ಪದ ತಂದೆ ಅಂತ. ಇಷ್ಟೂ ಮಕ್ಕಳು ಬೇರೆ ತಂದೆಗೆ ವರ್ಗ ಆಗೋವರೆಗೂ ನಿಮ್ಮ ಹೆಸರಲ್ಲಿ ಹೊಸ ಮಗು ದಾಖಲಾಗೋದಿಲ್ಲ. ಒಂದು ಉಳಿದ್ರೂ ಇಲ್ಲ."

"ಸಾರ್, ನನ್ನ ಹೆಂಡತಿಗೆ ದಿನ ತುಂಬಿದೆ."

"ಸ್ವಲ್ಪ ತಡೀರಿ ಅಂತ ಹೇಳಿ."

ಹೀಗೆ ಶುರುವಾಯಿತು ಪಿತೃತ್ವದ ಅಧಿಕಾರ ಹಸ್ತಾಂತರ. ಅಚ್ಚುಕಟ್ಟಯ್ಯ ಬೀದಿ ಬೀದಿ ಅಲೆದು ಮುಂದಿನ ತಂದೆಯರನ್ನು ಹುಡುಕಿ, ಬೈಗುಳ ತಿಂದು, ಕಾಲು ಹಿಡಿದು ಕರೆತಂದ. ಕೌಂಟರಿನಲ್ಲಿ ಈಗ ನಾಯಿ ಲೈಸೆನ್ಸ್ ಅಕ್ಕ. ಅವಳು ಗಂಟಲು ಸರಿಮಾಡಿಕೊಂಡು, "ಹಾಲಿ ತಂದೆ ಎಡಕ್ಕೆ, ಮುಂದಿನ ತಂದೆ ಬಲಕ್ಕೆ," ಎಂದು ಕೂಗುವಳು. ಬಸ್ ಡ್ರೈವರು, ಬೀಗದ ಕೈ ಮಾಡುವವನು, ದಂತವೈದ್ಯ, ಎಲ್ಲರ ಪಕ್ಕದಲ್ಲೂ ಅಚ್ಚುಕಟ್ಟಯ್ಯ ನಿಂತು ರುಜು ಹಾಕಿದ. ದಂತವೈದ್ಯ ರುಜು ಮಾಡುವ ಮೊದಲು, "ಇಷ್ಟು ದಿನ ನೋಡ್ಕೊಂಡಿದ್ದಕ್ಕೆ ಥ್ಯಾಂಕ್ಸ್," ಎಂದು ಅಭ್ಯಾಸಬಲದಿಂದ ಕೈ ಕುಲುಕಿದ. ಅವಳಿಗಳ ಅಪ್ಪ ಮಾತ್ರ ಬರಲು ಬಹಳ ತಡಮಾಡಿದ. ಅವನಿಗೆ ಆಗಲೇ ಮನೆಯಲ್ಲಿ ಬೇರೆ ಮಕ್ಕಳಿದ್ದವು. "ಅವಸರ ಏನಿದೆ? ರಾತ್ರಿ ಹೊತ್ತು ನೀವೇ ಸ್ವಲ್ಪ ದಿನ ಇಟ್ಕೊಂಡು ನೋಡಿ," ಎಂದು ಪುಸಲಾಯಿಸಿದ.

ಕ್ಷೌರಿಕ ರುಜು ಹಾಕಿದ ಮೇಲೂ ಮನೆಗೆ ಹೋಗಲಿಲ್ಲ. ಎರಡು ದಿನ ಒಟ್ಟಿಗೆ ಸಾಲಿನಲ್ಲಿ ನಿಂತು ಅವನಿಗೆ ಈ ಪೆದ್ದನ ಮೇಲೆ ಕನಿಕರ ಹುಟ್ಟಿತ್ತು. ಮಿಕ್ಕ ತಂದೆಯರನ್ನು ಹುಡುಕಲು ತಾನೂ ಹೊರಟ. ಕ್ಷೌರಿಕನಿಗೆ ಊರಿನ ತಲೆಗಳೆಲ್ಲ ಗೊತ್ತು. ಹಾಗಾಗಿ ಕೆಲಸ ಬೇಗ ಬೇಗ ಸಾಗಿತು.

ಹೆಂಡತಿಗೆ ನೋವು ಕಾಣಿಸಿಕೊಂಡದ್ದು ಆ ಸಾಲು ಇನ್ನೂ ಕರಗುತ್ತಿದ್ದಾಗಲೇ. ಅತ್ತೆಯ ಫೋನು ಬಂದ ಕೂಡಲೇ ಅಚ್ಚುಕಟ್ಟಯ್ಯ ಓಡಿದ. ಅವನ ಹಿಂದೆ ಮುಂದಿನ ತಂದೆಯರೂ ಓಡಿದರು. ಹಾಲಿ ತಂದೆ ತಪ್ಪಿಸಿಕೊಂಡರೆ ರುಜು ಹಾಕುವವರು ಯಾರು ಎಂಬ ಭಯ ಅವರಿಗೆ. ಡ್ರೈವರು ಬಸ್ಸನ್ನೇ ತಂದ. ಆಸ್ಪತ್ರೆಯ ಪಡಸಾಲೆಯ ಬೆಂಚುಗಳೆಲ್ಲ ಗಂಡಸರಿಂದ ತುಂಬಿದವು. ಒಳಗಿನಿಂದ ಬಂದ ನರ್ಸು ಬಟ್ಟೆಯ ಗಂಟಿನಂಥ ಕೂಸನ್ನು ಹಿಡಿದು, "ಹೆಣ್ಣು ಮಗು. ತಂದೆ ಯಾರು?" ಎಂದಳು.

"ಇವ್ರೇ," ಎಂದು ಎಲ್ಲರೂ ಒಟ್ಟಿಗೆ ಬೆರಳು ತೋರಿಸಿದರು. ಕ್ಷೌರಿಕ, "ಈ ಸಲ ನಿಜವಾಗ್ಲೂ ಇವ್ರೇ," ಎಂದು ಸೇರಿಸಿದ. ಅಚ್ಚುಕಟ್ಟಯ್ಯ ಮಗಳನ್ನು ಎತ್ತಿಕೊಂಡು ಎಲ್ಲರೆದುರಿಗೇ ಗೊಳೋ ಎಂದು ಅತ್ತ. ಅವನನ್ನು ನೋಡಿ ದಂತವೈದ್ಯನೂ ಅತ್ತ.

ತಾಯಿ ಮಗು ಮನೆಗೆ ಬರುವಷ್ಟರಲ್ಲಿ ಎಲ್ಲ ಮಕ್ಕಳೂ ವರ್ಗವಾಗಿದ್ದವು, ಒಂದರ ಹೊರತು. ಆ ಒಂದು ಮಗುವಿನ ತಾಯಿಯನ್ನು ಹುಡುಕುವ ಕಷ್ಟ ಬೀಳಲಿಲ್ಲ. ಅವಳೇ ಬಂದಳು. ಮಾರುಕಟ್ಟೆಯ ಹಿಂದೆ ಇಸ್ತ್ರಿ ಅಂಗಡಿ ಇಟ್ಟುಕೊಂಡವಳು, ಸೊಂಟದ ಮೇಲೆ ಗಂಡು ಕೂಸು. ಬಾಗಿಲ ಹೊರಗೇ ನಿಂತಳು.

"ಒಳಗೆ ಬನ್ನಿ. ನಿಮ್ಮ ಯಜಮಾನರು ಬರ್ಲಿಲ್ವಾ? ಇಬ್ಬರೂ ಬೇಕು," ಎಂದ ಅಚ್ಚುಕಟ್ಟಯ್ಯ.

"ಬರೋಕೆ ಯಾರೂ ಇಲ್ಲ ಅಣ್ಣಾ. ಇದ್ದೋನು ಮಗು ಹುಟ್ಟೋಕೆ ಮುಂಚೇನೇ ಹೋದ. ಅವನ ಹೆಸರು ನಾನು ಬರೆಸೋಲ್ಲ." ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. "ತಿಂಗಳುಗಟ್ಟಲೆ ಹಿಂದೇಟು ಹಾಕಿ ಆವತ್ತು ನಿಮ್ಮ ಕೌಂಟರಿಗೆ ಬಂದೆ. ತಂದೆ ಹೆಸರು ಕೇಳ್ತಾರೆ, ಹಿಂದೆ ಸಾಲಲ್ಲಿ ನಿಂತೋರೆಲ್ಲ ಕೇಳಿಸ್ಕೊಳ್ತಾರೆ ಅಂತ. ನೀವು ಕೇಳ್ಲೇ ಇಲ್ಲ. ಕಂಪ್ಯೂಟರಿಗೆ ಗೊತ್ತು ಅಂದ್ರಿ. ದೊಡ್ಡ ಮನುಷ್ಯರು, ಬೇಕೂಂತ್ಲೇ ಕೇಳ್ಲಿಲ್ಲ ಅಂದ್ಕೊಂಡೆ. ಕಾಗದ ಬಂದಾಗ ನಿಮ್ಮ ಹೆಸರು ಇತ್ತು. ಮೂರು ಸಲ ಓದಿಸ್ಕೊಂಡೆ. ಈಗ ಎಲ್ಲಾರೂ ತೆಗೆಸ್ತಿದಾರೆ ಅಂತ ಕೇಳ್ದೆ. ನಂದೂ ತೆಗೀತೀರೇನೋ, ಕೇಳ್ಕೊಂಡು ಹೋಗೋಣ ಅಂತ ಬಂದೆ."

ಅಚ್ಚುಕಟ್ಟಯ್ಯನಿಗಿಂತ ಮೊದಲು ಅತ್ತೆ ಮಾತಾಡಿದರು. "ತೆಗೀದೆ ಮತ್ತೆ? ಒಂದು ಉಳಿದ್ರೂ ಬೀಗ ತೆಗೆಯೋಲ್ಲ. ನಮ್ಮ ಮೊಮ್ಮಗಳ ಕಾಗದದಲ್ಲಿ ಅಪ್ಪನ ಹೆಸರೇ ಬರೋಲ್ಲ. ಅದಕ್ಕೋಸ್ಕರ ಅಳಿಯಂದ್ರು ಊರೆಲ್ಲ ಅಲೆದು ಚಪ್ಪಲಿ ಸವೆಸಿದ್ದು!"

ಇಸ್ತ್ರಿಯವಳು ತಲೆಯಾಡಿಸಿ, "ಹಾಗಾದ್ರೆ ರುಜು ಎಲ್ಲಿ ಹಾಕ್ಬೇಕು ಹೇಳಿ," ಎಂದಳು. ಅವಳ ಕೂಸು ಕೈ ಚಾಚಿ ಅಚ್ಚುಕಟ್ಟಯ್ಯನ ಅಂಗಿಯ ಜೇಬಿನಿಂದ ಪೆನ್ನು ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಿತು. ಅವನು ಅದನ್ನು ಬಿಡಿಸಿಕೊಳ್ಳಲು ಹೋಗದೆ, ಒಳಗೆ ಮಂಚದ ಮೇಲಿದ್ದ ಹೆಂಡತಿಯ ಕಡೆ ನೋಡಿದ.

ಹೆಂಡತಿ ಮಗಳಿಗೆ ಹಾಲು ಕೊಡುತ್ತಿದ್ದಳು. ತಲೆಯೆತ್ತದೆಯೇ ಹೇಳಿದಳು: "ಅದನ್ನ ಹಾಗೇ ಬಿಡಿ."

"ಮತ್ತೆ ನಮ್ಮ ಮಗಳ ಕಾಗದ?"

"ಅಮ್ಮನ ಹೆಸರು ಇರುತ್ತಲ್ಲ, ಸಾಕು. ಇವಳಿಗೆ ಅಪ್ಪ ಮನೇಲೇ ಇದಾನೆ, ದಿನಾ ಕಣ್ಣೆದುರು ಪೆನ್ಸಿಲು ಜೋಡಿಸ್ತಾ ಕೂತಿರ್ತಾನೆ. ಕಾಗದ ನೋಡಿ ತಿಳ್ಕೊಳ್ಳೋ ಗ್ರಹಚಾರ ಇಲ್ಲ." ಆಮೇಲೆ ದನಿ ಎತ್ತರಿಸಿದಳು. "ಆಕೆ ಯಾಕೆ ಇನ್ನೂ ಹೊರಗೆ ನಿಂತಿದಾಳೆ? ಒಳಗೆ ಕರೀರೀ. ಅಮ್ಮಾ, ಆ ಮಗೂಗೆ ಕುಡಿಯೋಕೆ ಏನಾದ್ರೂ ಕೊಡು. ಪೆನ್ನು ತಿನ್ನುತ್ತಿದೆ."

ಅತ್ತೆ ಗೊಣಗುತ್ತ ಎದ್ದರು. ಆದರೆ ಎದ್ದರು.

ಮರುವಾರ ಅಚ್ಚುಕಟ್ಟಯ್ಯ ಸಾಲಿನಲ್ಲಿ ನಿಂತು ಮಗಳ ಅರ್ಜಿ ಕೊಟ್ಟ. ಎಲ್ಲ ಕಾಲಂ ತುಂಬಿತ್ತು, ತಂದೆಯದೊಂದು ಬಿಟ್ಟು. ನಾಯಿ ಲೈಸೆನ್ಸ್ ಅಕ್ಕ ಅದನ್ನು ನೋಡಿ ಮೊದಲ ಸಲ ಅವನನ್ನು ತಮಾಷೆ ಮಾಡದೆ ಒಳಗೆ ಕಳಿಸಿದಳು. ಖಾಲಿ ಕಾಲಮ್ಮಿಗೆ ಸಾಹೇಬರ ಒಪ್ಪಿಗೆ ಬೇಕಿತ್ತು.

ಸಾಹೇಬರು ಕಾಗದವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. "ತಾಯಿ ನಿಮ್ಮ ಹೆಂಡತಿ ಅಲ್ವಾ?"

"ಹೌದು ಸಾರ್."

"ತಂದೆ?"

"ಅರ್ಜಿಯಲ್ಲಿ ಇಲ್ಲ ಸಾರ್."

ಸಾಹೇಬರು ಕನ್ನಡಕ ತೆಗೆದರು. ಯಾರ ಮುಂದೆಯೂ ಎದ್ದು ನಿಲ್ಲದ ಮನುಷ್ಯ ಕುರ್ಚಿಯಿಂದ ಎದ್ದು, ಮೇಜು ಸುತ್ತಿ ಬಂದು, ಅಚ್ಚುಕಟ್ಟಯ್ಯನ ಹೆಗಲ ಮೇಲೆ ಕೈಯಿಟ್ಟರು. ಗಾಜಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಒಮ್ಮೆ ನೋಡಿಕೊಂಡರು.

"ಪಾಪ. ನಿಮ್ಮಂಥ ಅಚ್ಚುಕಟ್ಟಾದ ಮನುಷ್ಯರಿಗೆ ಹೀಗಾಗಬಾರದಿತ್ತು," ಎಂದರು ಮೆಲ್ಲಗೆ. "ಆದ್ರೂ ಕೂಸು ಏನು ತಪ್ಪು ಮಾಡಿದೆ ಹೇಳಿ? ದೊಡ್ಡ ಮನಸ್ಸು ಮಾಡಿ. ಸ್ವಂತ ಮಗಳು ಅಂತಲೇ ತಿಳ್ಕೊಂಡು ಸಾಕಿ."

"ಪ್ರಯತ್ನ ಪಡ್ತೀನಿ ಸಾರ್," ಎಂದ ಅಚ್ಚುಕಟ್ಟಯ್ಯ.